ಸೂಗಪ್ಪನವರ ಸಸ್ಯಾಹಾರಿ ಮೀನು

ಸೋಮವಾರ ಒಪ್ಪತ್ತು ಮಾಡುವ ಮನೆಗಳು ಮಸ್ಕಿಯಲ್ಲಿ ಓಣಿಗೆ ಹತ್ತು ಸಿಗುತ್ತವೆ. ಮೀನಿಗೂ ಸೋಮವಾರ ಹಿಡಿಸಿದ ಮನೆ ಒಂದೇ, ಅದು ಬಟ್ಟೆ ಅಂಗಡಿ ಸೂಗಪ್ಪನವರದು. ಆವತ್ತು ಮನೆಯವರು ಒಂದು ಹೊತ್ತಾದರೂ ಉಣ್ಣುತ್ತಿದ್ದರು, ಪಡಸಾಲೆಯ ಗಾಜಿನ ಟ್ಯಾಂಕಿನಲ್ಲಿದ್ದ ಶರಣಪ್ಪನಿಗೆ ಅದೂ ಇಲ್ಲ. ಶರಣಪ್ಪ ಅಂದರೆ ಫ್ಲವರ್‌ಹಾರ್ನ್ ಅನ್ನುವ ಮೀನು. ಅಂಗೈಗಿಂತ ಅಗಲವಾದ ಮೈ, ಕೆಂಪು ಕಣ್ಣು, ಹಣೆಯ ಮೇಲೆ ಗುಂಡಗೆ ಉಬ್ಬಿದ ಗಡ್ಡೆ. ಆ ಗಡ್ಡೆ ಇದ್ದರೆ ಮನೆಗೆ ಅದೃಷ್ಟ ಅಂತ ಊರವರು ಅನ್ನುತ್ತಿದ್ದರು. ಸೂಗಪ್ಪನವರಿಗೆ ಅದರಲ್ಲಿ ಲಿಂಗವೇ ಕಂಡಿತು. ಲಿಂಗ ಹೊತ್ತ ಜೀವ ಮಾಂಸ ತಿನ್ನಬಾರದು ಅಂತ ತೀರ್ಮಾನವನ್ನೂ ಅವರೇ ಕೊಟ್ಟರು. ಮೀನನ್ನು ಯಾರೂ ಕೇಳಲಿಲ್ಲ.

ಮೀನು ಮಾರಿದ ಸಿಂಧನೂರಿನ ಅಜೀಮ್ ಅದರ ಜೊತೆಗೆ ಮೀನಿಗೆ ಹಾಕುವ ಗುಳಿಗೆಯ ಡಬ್ಬಿಯನ್ನೂ ಕೊಟ್ಟಿದ್ದ. "ಇದರಾಗ ಏನೈತಪ?" ಅಂತ ಸೂಗಪ್ಪನವರು ಕೇಳಿದರು. ವ್ಯಾಪಾರಸ್ಥನಾಗಿಯೂ ಸುಳ್ಳು ಬಾರದ ಮನುಷ್ಯ ಅವನು. "ಒಣ ಮೀನಿನ ಪುಡಿರಿ, ಸಾಹುಕಾರ್ರ," ಎಂದುಬಿಟ್ಟ. ಡಬ್ಬಿ ಅವನ ಕೈಗೇ ವಾಪಸು ಹೋಯಿತು. ಅಂದಿನಿಂದ ಶರಣಪ್ಪನಿಗೆ ನೆನೆಸಿದ ಕಡಲೆಬೇಳೆ, ಬೇಯಿಸಿದ ಬಟಾಣಿ, ಹಬ್ಬಕ್ಕೆ ಒಂದು ಚೂರು ಹೋಳಿಗೆ. ಒಂಟಿ ಜೀವಕ್ಕೆ ಸಂಗ ಬೇಕು ಅಂತ ಎರಡು ಪುಟ್ಟ ಗೋಲ್ಡ್‌ಫಿಶ್ ಕೂಡ ಬಿಡಿಸಿದರು.

ಅಜೀಮ್ ಬಾಗಿಲ ತನಕ ಹೋದವನು ತಿರುಗಿ ನಿಂತ. "ಸಾಹುಕಾರ್ರ, ಇದು ಒಂಟೀನ ಇರಬೇಕ್ರಿ. ಬರೇ ಹಸಿವಿಗೆ ಅಲ್ಲ, ಜಾಗಾಕ್ಕ ಕೊಲ್ಲತೈತಿ ಇದು. ಟ್ಯಾಂಕೆಲ್ಲಾ ನಂದ ಅಂತೈತಿ."

"ಅದು ನಿನ್ನ ಅಂಗಡ್ಯಾಗ," ಎಂದರು ಸೂಗಪ್ಪನವರು. "ನಮ್ಮ ಮನ್ಯಾಗ ಸಂಸ್ಕಾರ ಐತಿ."

ಸಂಸ್ಕಾರ ಎಂಟು ದಿನ ಬಾಳಿತು. ಒಂಬತ್ತನೇ ದಿನ ಬೆಳಿಗ್ಗೆ ಹಿರಿಯ ಸೊಸೆ ಶಿವಗಂಗಾ ಕಸ ಹೊಡೆಯಲು ಪಡಸಾಲೆಗೆ ಬಂದಾಗ ಒಂದು ಗೋಲ್ಡ್‌ಫಿಶ್ಶಿಗೆ ಬಾಲವಿರಲಿಲ್ಲ, ಇನ್ನೊಂದಕ್ಕೆ ತಲೆ ಬಿಟ್ಟು ಏನೂ ಇರಲಿಲ್ಲ. ಜನ್ಮದಲ್ಲಿ ತತ್ತಿಯನ್ನೂ ಮುಟ್ಟದ ಹುಡುಗಿ, ಗೋಡೆ ಹಿಡಿದು ನಿಂತಳು. ಅತ್ತೆ ಕಸ್ತೂರೆಮ್ಮ ಬಂದು ನೋಡಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಅಡುಗೆಮನೆಯಿಂದ ಹಳೆಯ ಚಹದ ಸೋಸಣಿಗೆ ತಂದು ಸೊಸೆಯ ಕೈಗಿಟ್ಟರು.

"ತಗದು ಹಿತ್ತಲ ಮೋರಿಗೆ ಹಾಕು. ನಿಮ್ಮ ಮಾವಗ ಹೇಳಬ್ಯಾಡ, ಬಿ.ಪಿ. ಐತಿ ಅವರಿಗೆ."

ಶಿವಗಂಗಾ ತೆಗೆದು ಹಾಕಿ, ಆ ಬೆಳಿಗ್ಗೆ ಎರಡನೇ ಸಲ ತಲೆಗೆ ನೀರು ಹಾಕಿಕೊಂಡಳು. ಅವತ್ತೇ ಸಂತೆ. ಸೂಗಪ್ಪನವರು ಅಂಗಡಿಗೆ ಹೋಗಿದ್ದರು, ಅಜೀಮ್ ಬೈಕಿಗೆ ನೀರಿನ ಕವರುಗಳನ್ನು ತೂಗಹಾಕಿಕೊಂಡು ಬಂದಾಗ ಹಿತ್ತಲ ಬಾಗಿಲಲ್ಲೇ ವ್ಯವಹಾರ ಮುಗಿಯಿತು. ಅದೇ ಬಣ್ಣ, ಅದೇ ಅಳತೆ, ಎರಡು.

ಹೀಗೆ ಎರಡು ವರ್ಷ ನಡೆಯಿತು. ಸಿಂಧನೂರಿನ ಹತ್ತಿರ ಬಂಗಾಲಿ ನಿರಾಶ್ರಿತರಿಗೆ ಕೊಟ್ಟ ಆರ್.ಎಚ್. ಕ್ಯಾಂಪಿನಲ್ಲಿ ಒಬ್ಬ ಗುಂಡಿ ತೋಡಿ ಗೋಲ್ಡ್‌ಫಿಶ್ ಸಾಕುತ್ತಿದ್ದ, ಅವನ ಮಾಲಿನಲ್ಲಿ ಅರ್ಧ ಈ ಮನೆಗೇ ಬಂತೆಂದು ಕಾಣುತ್ತದೆ. ಸೂಗಪ್ಪನವರಿಗೆ ಇದರ ಗಂಧಗಾಳಿಯೂ ಇಲ್ಲ. ಬಂದವರನ್ನೆಲ್ಲ ಟ್ಯಾಂಕಿನ ಮುಂದೆ ನಿಲ್ಲಿಸುವರು. "ನೋಡ್ರಿ, ಎರಡು ವರ್ಷಾತು. ಶರಣಪ್ಪ ಒಂದಿನ ಅವನ್ನ ಮುಟ್ಟಿಲ್ಲ. ಆ ಸಣ್ಣವು ನೋಡ್ರಿ, ತಂದಾಗ ಎಷ್ಟಿದ್ದವೋ ಈಗೂ ಅಷ್ಟ ಅದಾವ. ಸಾತ್ವಿಕ ಆಹಾರದ ಗುಣ!" ಬಂದವರು ಕೈ ಮುಗಿಯುವುದೊಂದು ಬಾಕಿ. ಹುಲಿ ಹಸಿದರೆ ಹುಲ್ಲು ತಿಂದೀತೇ ಅಂತ ಗಾದೆ ಮಾಡಿದವನು ಈ ಪಡಸಾಲೆಗೆ ಬಂದಿದ್ದರೆ ಗಾದೆ ವಾಪಸು ತಗೊಂಡು ಹೋಗುತ್ತಿದ್ದ. ಒಳಗೆ ಕಸ್ತೂರೆಮ್ಮ ರೊಟ್ಟಿ ಬಡಿಯುವುದರಿಂದ ಕಣ್ಣೆತ್ತುತ್ತಿರಲಿಲ್ಲ, ಶಿವಗಂಗಾ ಒಲೆಯಿಂದ ಕಣ್ಣೆತ್ತುತ್ತಿರಲಿಲ್ಲ.

ಮಾತು ಮೀನಿನದಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಶಿವಗಂಗಾಳ ತಂಗಿ ಐಶ್ವರ್ಯಳನ್ನು ಇದೇ ಮನೆಗೆ, ಕಿರಿಯ ಮಗ ಅನಿಲಕುಮಾರನಿಗೆ, ಮಾಡಿಕೊಳ್ಳುವ ಮಾತಾಗಿತ್ತು. ಲಿಂಗಸುಗೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಅಪ್ಪ ಅಮರಪ್ಪ ಈ ಶ್ರಾವಣದ ಮೊದಲ ಸೋಮವಾರ ಮಗಳನ್ನು ಕರೆದುಕೊಂಡು ಮನೆ ನೋಡಲು ಬರುವವರಿದ್ದರು. ನೋಡಿ ಒಪ್ಪಿದರೆ ಅಲ್ಲೇ ಸಕ್ಕರೆ. ಒಮ್ಮೆ ಸಕ್ಕರೆ ಬಾಯಿಗೆ ಬಿತ್ತೆಂದರೆ ಮುಗಿಯಿತು, ಆಮೇಲೆ ಮಾತು ಹಿಂದಕ್ಕೆ ತಗೊಂಡ ಮನೆಯನ್ನು ಜನ ಬದುಕಗೊಡುವುದಿಲ್ಲ. ಅಕ್ಕ-ತಂಗಿ ಒಂದೇ ಮನೆಗೆ ಹೋದರೆ ಜಗಳವಿಲ್ಲ, ಖರ್ಚಿಲ್ಲ, ಚಿಂತೆಯಿಲ್ಲ ಅಂತ ಎರಡೂ ಕಡೆಯವರು ಖುಷಿಯಾಗಿದ್ದರು. ಎಲ್ಲರಿಗಿಂತ ಹೆಚ್ಚು ಖುಷಿ ಐಶ್ವರ್ಯಳಿಗೆ. "ಅಕ್ಕಾ, ಇನ್ನ ನಾವಿಬ್ರೂ ಒಂದ ಮನ್ಯಾಗ!" ಅಂತ ಫೋನಿನಲ್ಲಿ ಕಿರುಚಿದ್ದಳು.

ಬೇಡವಾದದ್ದು ಶಿವಗಂಗಾಳಿಗೊಬ್ಬಳಿಗೇ. ಅನಿಲಕುಮಾರನಿಗೆ ಇದು ಎರಡನೇ ಮದುವೆ. ಮೊದಲ ಹೆಂಡತಿ ಶೈಲಜಾ ಹನ್ನೊಂದು ತಿಂಗಳಿದ್ದು ಬಿಟ್ಟು ಹೋದಳು. "ಪಾಪ, ತಲಿ ಸರಿ ಇರಲಿಲ್ಲ ಆ ಹುಡುಗೀದು," ಅಂತ ಮನೆಯವರು ಊರಿಗೆ ಹೇಳಿದ್ದರು. ತಲೆ ಸರಿಯೇ ಇತ್ತು. ಹೊಲಿಗೆ ಕಲಿಸಲು ಹೋಗುತ್ತೇನೆ ಅಂದದ್ದೇ ಅವಳ ತಪ್ಪು. ಅನಿಲಕುಮಾರ ಮೊದಲು ನಕ್ಕ, ಆಮೇಲೆ ಫೋನು ಕಸಿದಿಟ್ಟುಕೊಂಡ, ಆಮೇಲೆ ಕೈ ತಿರುವಿದ. ಕೊನೆಗೆ ಅಂಗಡಿಗೆ ಹೋಗುವಾಗ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿದು ಕೀಲಿಯನ್ನು ತಾಯಿಯ ಕೈಗೆ ಕೊಟ್ಟು ಹೋಗತೊಡಗಿದ. ಹಿತ್ತಲ ಕಿಟಕಿಯ ಸರಳಿನಿಂದ ರೊಟ್ಟಿ ಕೊಟ್ಟವಳು ಶಿವಗಂಗಾ. ಶೈಲಜಾಳ ಅಪ್ಪ ಫೋನು ಮಾಡಿದಾಗ, ಪಕ್ಕದಲ್ಲಿ ಕಸ್ತೂರೆಮ್ಮ ನಿಂತಿರಲು, "ಆರಾಮ ಅದಾಳ್ರಿ ಕಾಕಾ, ಮಲಗ್ಯಾಳ" ಅಂದವಳೂ ಶಿವಗಂಗಾನೇ. ಆ ಮಾತು ಅವಳ ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ.

ತವರಿಗೆ ಹೇಳಬಹುದಿತ್ತಲ್ಲ ಅಂದರೆ, ಹೇಗೆ? ಆ ಮನೆಯಲ್ಲಿ ಸೊಸೆಯಂದಿರ ಫೋನು ಬಂದರೆ ಸ್ಪೀಕರಿಗೆ ಹಾಕಿ ಪಡಸಾಲೆಯಲ್ಲೇ ಮಾತಾಡಬೇಕು. "ಕದ್ದು ಮಾತಾಡುವಂಥದ್ದೇನೈತಿ ನಮ್ಮ ಮನ್ಯಾಗ?" ಅನ್ನುವರು ಕಸ್ತೂರೆಮ್ಮ. ಅಪ್ಪ ಹೇಗಿದ್ದೀಯವ್ವ ಅಂದಾಗಲೆಲ್ಲ "ಆರಾಮಪ್ಪ" ಅಂದು ಅಂದು ನಾಲ್ಕು ವರ್ಷವಾಗಿತ್ತು.

ಗಂಡ ಚನ್ನವೀರ ಒಳ್ಳೆಯವನು. ಅವನ ಒಳ್ಳೆಯತನ ಯಾರ ಉಪಯೋಗಕ್ಕೂ ಬಂದದ್ದಿಲ್ಲ, ಅದೊಂದೇ ಕೊರತೆ. ಆ ಸೋಮವಾರಕ್ಕೆ ನಾಲ್ಕು ದಿನವಿರುವಾಗ, ಮಧ್ಯಾಹ್ನ ಊಟಕ್ಕೆ ಬಂದ ಅವನಿಗೆ ಸಾರು ಬಡಿಸುತ್ತ ಶಿವಗಂಗಾ ಮೆಲ್ಲಗೆ ಅಂದಳು.

"ಐಶೂನ ತರೂದು ಬ್ಯಾಡ್ರಿ. ನೀವರ ಒಂದು ಮಾತು ಹೇಳ್ರಿ."

"ಅಪ್ಪಾರು ಮಾತು ಕೊಟ್ಟಾರ. ಈಗ ನೀ ಬ್ಯಾಡ ಅಂದ್ರ ನಿನ್ನ ಮ್ಯಾಲ ಬರತೈತಿ. ಅನಿಲ ಈಗ ಸುಧಾರಿಸ್ಯಾನ."

"ಯಾವಾಗ ಸುಧಾರಿಸಿದ್ರು?"

ಚನ್ನವೀರ ಇನ್ನೊಂದು ತುತ್ತು ಕಲಸಿದ. "ಸುಧಾರಸ್ತಾನ," ಅಂದ.

ಸೋಮವಾರ ಬೆಳಿಗ್ಗೆ ಟ್ಯಾಂಕಿನಲ್ಲಿ ಶರಣಪ್ಪನೊಬ್ಬನೇ ಇದ್ದ. ಶಿವಗಂಗಾಳಿಗೆ ಒಂದು ಹುಚ್ಚು ಆಸೆ ಹುಟ್ಟಿತು: ಇವತ್ತು ಟ್ಯಾಂಕು ಹೀಗೇ ಇದ್ದರೆ ಮಾವ ಕೇಳುತ್ತಾರೆ, ಕೇಳಿದರೆ ಒಂದು ಮಾತು ಹೊರಗೆ ಬರುತ್ತದೆ, ಒಂದರ ಹಿಂದೆ ಇನ್ನೊಂದು. ಆದರೆ ಕಸ್ತೂರೆಮ್ಮ ಇಂಥದಕ್ಕೆಲ್ಲ ಮೊದಲೇ ತಯಾರಿ ಇಟ್ಟುಕೊಂಡಿರುವ ಹೆಂಗಸು. ಬಚ್ಚಲಮನೆಯ ಬಕೆಟಿನಲ್ಲಿ, ಮೇಲೆ ಮೊರ ಮುಚ್ಚಿ, ನಾಲ್ಕು ಗೋಲ್ಡ್‌ಫಿಶ್ ಇಟ್ಟಿದ್ದರು.

"ನಿಮ್ಮ ಮಾವ ಪೂಜಿಗೆ ಕುಂತಾರ, ಅವರು ಏಳೂದರಾಗ ಎರಡು ಬಿಡು. ಮಿಕ್ಕಿದ್ದು ಹಂಗ ಇರ್ಲಿ. ನಿಮ್ಮಪ್ಪ ಬಂದು ಹೋಗೂ ತನಕ ಏನೂ ಆಗೂದಿಲ್ಲ."

ಶಿವಗಂಗಾ ಬಿಟ್ಟಳು. ಎರಡೂ ನೀರಿಗೆ ಬಿದ್ದ ಕೂಡಲೇ ಒಂದು ಸುತ್ತು ಹೊಡೆದು, ಶರಣಪ್ಪನನ್ನು ಕಂಡೊಡನೆ ಮೂಲೆಯ ಗಾಜಿಗೆ ಮೈ ಒತ್ತಿ ನಿಂತುಬಿಟ್ಟವು. ರೆಕ್ಕೆ ಸಹ ಆಡಿಸಲಿಲ್ಲ. ಅವನು ನಡುವೆ ತೇಲುತ್ತಿದ್ದ, ಅವಸರವೇನೂ ಇರಲಿಲ್ಲ ಅವನಿಗೆ.

ಹನ್ನೊಂದರ ಬಸ್ಸಿಗೆ ಅಮರಪ್ಪ, ಐಶ್ವರ್ಯ ಬಂದರು. ತಂಗಿ ಹಸಿರು ಸೀರೆ ಉಟ್ಟಿದ್ದಳು, ಬಿ.ಎಡ್. ಮುಗಿಸಿ ಶಾಲೆಯಲ್ಲಿ ಪಾಠ ಹೇಳಲು ಹತ್ತಿದ ಮೇಲೆ ನಡಿಗೆಯಲ್ಲಿ ಒಂದು ಧೈರ್ಯ ಬಂದಿತ್ತು. ಅದನ್ನು ನೋಡಿ ಶಿವಗಂಗಾಳಿಗೆ ಕಣ್ಣು ತುಂಬಿ ಬಂತು. ಈ ಧೈರ್ಯ ಈ ಮನೆಯಲ್ಲಿ ಎಷ್ಟು ದಿನ? "ಬಾ ಐಶೂ, ಕೈಕಾಲು ತೊಳಕೋ," ಅಂತ ಹಿತ್ತಲಿಗೆ ಕರೆದೊಯ್ದಳು. ಕೈ ಹಿಡಿದು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಟವೆಲ್ ಹಿಡಿದುಕೊಂಡು ಕಸ್ತೂರೆಮ್ಮ ನಿಂತಿದ್ದರು. "ನಮ್ಮ ಹೊಸಾ ಸೊಸಿಗೆ ಟವಲ್ ನಾನ ಕೊಡಬೇಕಲ್ಲಬೇ," ಅಂತ ನಕ್ಕರು.

ಪಡಸಾಲೆಯಲ್ಲಿ ಅನಿಲಕುಮಾರ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದ. ಮಾತು ಬೆಣ್ಣೆ. "ನೌಕರಿ ಬಿಡೂದೇನೂ ಬ್ಯಾಡ್ರಿ. ಇಲ್ಲೇ ಮಸ್ಕ್ಯಾಗ ಸಾಲಿ ಭಾಳ ಅದಾವ. ನಮ್ಮದೇನೂ ಅಡ್ಡಿ ಇಲ್ಲ," ಎಂದ. ಶೈಲಜಾಳನ್ನು ನೋಡಲು ಹೋದಾಗಲೂ ಹೊಲಿಗೆಯ ವಿಷಯದಲ್ಲಿ ಇದೇ ಮಾತು ಹೇಳಿದ್ದ, ಅಡ್ಡಿ ಇಲ್ಲ ಅಂತ. ಐಶ್ವರ್ಯ ತಲೆ ತಗ್ಗಿಸಿ ನಕ್ಕಳು.

ಸೂಗಪ್ಪನವರು ಬೀಗರ ಕೈ ಹಿಡಿದು ಟ್ಯಾಂಕಿನ ಮುಂದೆ ಕರೆತಂದರು. "ಇದೇನು ಮೀನು ಅಂತ ತಿಳೀಬ್ಯಾಡ್ರಿ ಅಮರಪ್ಪನವರ. ಇದರ ಕುಲಾನ ಬಡಕಂಡು ತಿನ್ನೂ ಕುಲ. ಆ ಸಣ್ಣವು ನೋಡ್ರಿ ಹೆಂಗ ಶಾಂತ ನಿಂತಾವ. ಎರಡು ವರ್ಷಾತು!"

ಅಮರಪ್ಪ ಬಗ್ಗಿ ನೋಡಿದರು. ಮೂಲೆಯಲ್ಲಿ ಉಸಿರು ಬಿಗಿಹಿಡಿದು ನಿಂತ ಎರಡು ಮೀನು ಅವರ ಕಣ್ಣಿಗೂ ಶಾಂತವಾಗಿಯೇ ಕಂಡವು. ಗಿರಣಿಯಲ್ಲಿ ನಲವತ್ತು ವರ್ಷ ಜನರ ಜೋಳದಲ್ಲಿ ಕಲ್ಲು ಹೆಕ್ಕಿದ ಕಣ್ಣು, ಇಲ್ಲಿ ಮೋಸ ಹೋಯಿತು. "ಮೀನಿಗಿಂಥಾ ಸಂಸ್ಕಾರ ಕೊಟ್ಟ ಮನಿ ಮನುಷ್ಯಾರ್ನ ಹೆಂಗ ನೋಡಕೊಳ್ಳತೈತಿ ಅನ್ನೂದು ಕೇಳಬೇಕೇನ್ರಿ?" ಅಂದರು. ಶಿವಗಂಗಾ ಚಹದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಎರಡು ವರ್ಷ ಬೆಳಬೆಳಿಗ್ಗೆ ತಾನೇ ಸೋಸಣಿಗೆ ಹಿಡಿದು ಕಟ್ಟಿದ ಸುಳ್ಳು ಅಪ್ಪನಿಗೆ ಪ್ರಮಾಣವಾಗಿ ಕೂತಿತ್ತು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಕಸ್ತೂರೆಮ್ಮ ಬೆಳ್ಳಿ ತಟ್ಟೆಯಲ್ಲಿ ಸಕ್ಕರೆ ತಂದರು. ಅಮರಪ್ಪ ಒಂದು ಚಿವುಟು ಬೆರಳಲ್ಲಿ ಹಿಡಿದು, ಕೇಳಲೋ ಬೇಡವೋ ಅನ್ನುವ ಹಾಗೆ ತಡೆದರು.

"ಒಂದು ಮಾತ್ರೀ. ತಪ್ಪು ತಿಳೀಬ್ಯಾಡ್ರಿ. ಮೊದಲಿನ ಹುಡುಗಿ ಯಾಕ..."

"ತಲಿ ಸರಿ ಇರಲಿಲ್ರಿ," ಎಂದರು ಕಸ್ತೂರೆಮ್ಮ, ನಿಟ್ಟುಸಿರು ಬಿಟ್ಟು. "ಹೊರಗಿನವರ ಮಾತು ಯಾಕ? ನಿಮ್ಮ ಮಗಳು ಒಂದ ಸೂರಿನ್ಯಾಗ ಇದ್ದಾಕಿ. ಆಕೀನ್ನ ಕೇಳ್ರಿ."

ಎಲ್ಲರೂ ಶಿವಗಂಗಾಳ ಕಡೆ ತಿರುಗಿದರು. ಕಸ್ತೂರೆಮ್ಮನ ಮುಖದಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಎಂದೂ ತಪ್ಪದ ಸೊಸೆ ಇದು, ಹೂಂ ಅನ್ನುತ್ತಾಳೆ. ಶಿವಗಂಗಾಳ ನಾಲಿಗೆಯೂ ಹೂಂ ಅನ್ನಲು ಅರ್ಧ ಎದ್ದಿತ್ತು. ಆಗ ಐಶ್ವರ್ಯ ಅವಳನ್ನು ನೋಡಿ ನಕ್ಕಳು, ಅಕ್ಕ ಹೇಳಿದ ಮೇಲೆ ಮುಗಿಯಿತು ಅನ್ನುವಂಥ ನಗು.

"ತಲಿ ಸರಿ ಇತ್ತಪ್ಪ ಆಕೀದು," ಎಂದಳು ಶಿವಗಂಗಾ.

ಅವಳು ಚಹದ ತಟ್ಟೆಯನ್ನು ಕೆಳಗಿಟ್ಟಳು. "ಹೊರಗಿಂದ ಬೀಗ ಹಾಕತಿದ್ರು. ಹನ್ನೆರಡು ತಾಸು. ಕಿಡಕ್ಯಾಗ ನಾನ ರೊಟ್ಟಿ ಕೊಡತಿದ್ದೆ. ಕೈ ಬಾತಿತ್ತು ಆಕೀದು, ರೊಟ್ಟಿ ಹಿಡ್ಯಾಕ ಬರತಿರಲಿಲ್ಲ. ಅವರಪ್ಪ ಕೇಳಿದ್ರ ಆರಾಮ ಅದಾಳ ಅಂತ ಸುಳ್ಳ ಹೇಳಿದಾಕಿ ನಾನ. ನಮ್ಮ ಐಶೂನ ಈ ಮನಿಗೆ ಕೊಡಬ್ಯಾಡಪ್ಪ."

"ಸುಳ್ಳು!" ಕಸ್ತೂರೆಮ್ಮ ಕೂಗಿದರು. "ತಂಗಿ ಬಂದು ಸಮಾಸಮ ಕುಂತಾಳಂತ ಹೊಟ್ಟಿಕಿಚ್ಚು! ಸುಳ್ಳ ಹೇಳ್ತಾಳ ಈಕಿ!"

"ಹೌದ್ರಿ ಅತ್ತಿ, ಸುಳ್ಳ ಹೇಳೀನಿ. ಎರಡು ವರ್ಷ ಹೇಳೀನಿ, ನೀವ ಕಲಿಸಿದ್ದು." ಶಿವಗಂಗಾ ಬಚ್ಚಲಮನೆಗೆ ಹೋಗಿ ಬಕೆಟನ್ನು ತಂದು ಪಡಸಾಲೆಯ ನಡುವೆ ಇಟ್ಟಳು. ಉಳಿದೆರಡು ಗೋಲ್ಡ್‌ಫಿಶ್ ಅದರಲ್ಲಿ ಗಿರಕಿ ಹೊಡೆಯುತ್ತಿದ್ದವು. "ಮಾವ, ಟ್ಯಾಂಕಿನ್ಯಾಗಿರೋವು ಇವತ್ತ ಮುಂಜಾನಿ ಬಿಟ್ಟಿದ್ದು. ಇವು ಅವು ಸತ್ತ ಮ್ಯಾಲ ಬಿಡೂವು. ವಾರ ವಾರ ತಿಂದೈತಿ ಆ ಮೀನು. ವಾರ ವಾರ ನಾ ತಗದು ಮೋರಿಗೆ ಹಾಕೀನಿ."

ಸೂಗಪ್ಪನವರು ಬಕೆಟನ್ನು ನೋಡಿದರು, ಟ್ಯಾಂಕನ್ನು ನೋಡಿದರು. ಮುಖದ ಬಣ್ಣ ಇಳಿದು ಕುರ್ಚಿಯ ಮೇಲೆ ಕುಸಿದರು.

"ಶರಣಪ್ಪ... ತಿಂದಾನ?"

"ತಿಂದಾನ್ರಿ."

"ಸೋಮವಾರನೂ?"

"ಸೋಮವಾರ ಜಾಸ್ತಿರಿ. ಹಸಿದಿರತೈತಲ್ರಿ."

"ನನ್ನ ಮನ್ಯಾಗ! ಲಿಂಗ ಹೊತಗೊಂಡು!" ಅವರು ಹೆಂಡತಿಯ ಕಡೆ ತಿರುಗಿದರು. "ನಿನಗ ಗೊತ್ತಿತ್ತೇನ? ಎರಡು ವರ್ಷ ಊರಿಗೆಲ್ಲಾ ಹೇಳಿಕೋತ ಬಂದೀನಲ್ಲ, ನನ್ನ ಮರ್ಯಾದಿ ಏನಾಗಬೇಕು?" ಕಸ್ತೂರೆಮ್ಮ ಬಿ.ಪಿ. ಗುಳಿಗೆ ಹುಡುಕುತ್ತ ಒಳಗೋಡಿದರು. ಚನ್ನವೀರ ಅಪ್ಪನಿಗೆ ನೀರು ತಂದ. ಸೂಗಪ್ಪನವರು ನೀರು ಕುಡಿದು ಮತ್ತೆ ಮೀನಿನ ಬಗ್ಗೆಯೇ ಕೇಳಿದರು: ಬಾಲ ಮೊದಲು ತಿಂದನೋ, ತಲೆ ಮೊದಲು ತಿಂದನೋ. ಶಿವಗಂಗಾ ಕಾಯುತ್ತ ನಿಂತಳು. ಈಗ ಬೀಗದ ಬಗ್ಗೆ ಕೇಳುತ್ತಾರೆ, ಶೈಲಜಾಳ ಕೈಯ ಬಗ್ಗೆ ಕೇಳುತ್ತಾರೆ. ಆ ಪಡಸಾಲೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ.

ಅನಿಲಕುಮಾರ ಕೂತಲ್ಲಿಂದ ಏಳಲಿಲ್ಲ. ಅಂಗಿಯ ತೋಳನ್ನು ನಿಧಾನಕ್ಕೆ ಒಂದು ಮಡಿಕೆ ಮಡಚುತ್ತ, "ಇರ್ಲಿ ವೈನಿ. ಅವರು ಹೋಗ್ಲಿ. ಆಮ್ಯಾಲ ಕುಂತು ಮಾತಾಡೂಣು," ಎಂದ. ದನಿ ಆಗಲೂ ಬೆಣ್ಣೆಯೇ.

ಅಮರಪ್ಪ ಬೆರಳಿನಲ್ಲಿದ್ದ ಸಕ್ಕರೆಯನ್ನು ತಟ್ಟೆಗೆ ಉದುರಿಸಿ, ಕೈ ಒರೆಸಿಕೊಂಡು ಎದ್ದರು. "ಏಳು ಐಶ್ವರ್ಯ." ಹಿರಿಯ ಮಗಳ ಮುಖ ನೋಡದೆ ಅವಳ ಕಾಲು ನೋಡುತ್ತ ಅಂದರು: "ಅವರಪ್ಪಗೂ ಆರಾಮ ಅಂದಿ, ನನಗೂ ನಾಲ್ಕು ವರ್ಷ ಆರಾಮ ಅಂದಿ. ನಿನ್ನ ಮಾತು ನಂಬಿ ಇನ್ನೊಂದು ಮಗಳ್ನ ಬಾವಿಗೆ ನೂಕತಿದ್ನಲ್ಲವ್ವ ನಾನು." ಆಮೇಲೆ ಅಳಿಯ ಚನ್ನವೀರನ ಕಡೆ ತಿರುಗಿ, "ನಿಮ್ಮ ಮನಿ ಮಾತು ನೀವ ಬಗಿಹರಿಸಿಕೋರಿ," ಅಂತ ಕೈ ಮುಗಿದು ಚಪ್ಪಲಿ ಮೆಟ್ಟಿದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ. ಅನ್ನುವವರು ಗಂಡಸರೇ, ಅದೂ ಬಸ್ಸಿಗೆ ಹೊತ್ತಾದಾಗ.

ಶಿವಗಂಗಾ ತಂಗಿಯ ಹಿಂದೆ ಹೊರಗಿನ ಕಟ್ಟೆಯ ತನಕ ಬಂದಳು. ಐಶೂ ಪಾರಾದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಗಿತ್ತು, ಅತ್ತುಬಿಡುವಷ್ಟು ಹಗುರ. ಬೀದಿಯಲ್ಲಿ ಆಟೋ ನಿಂತಿತ್ತು, ಅಮರಪ್ಪ ಒಳಗೆ ಕೂತು ಬೇರೆ ಕಡೆ ನೋಡುತ್ತಿದ್ದರು. ಐಶ್ವರ್ಯ ಎರಡು ಹೆಜ್ಜೆ ಹೋದವಳು ತಿರುಗಿ ಬಂದು ಅಕ್ಕನ ಕೈ ಹಿಡಿದಳು. ಅವಳ ಕಣ್ಣು ಕೆಂಪಾಗಿದ್ದವು, ಸಿಟ್ಟಿಗೋ ದುಃಖಕ್ಕೋ ಅವಳಿಗೇ ಗೊತ್ತಿರಲಿಕ್ಕಿಲ್ಲ.

"ಅಕ್ಕಾ, ನಾ ಬರಬಾರದಂಥಾ ಮನ್ಯಾಗ ನೀ ಹೆಂಗಿರ್ತಿ?"

ಮಾವ ಏನಂದರೆ ಏನು ಹೇಳಬೇಕು, ಅತ್ತೆ ಏನಂದರೆ ಏನು ಹೇಳಬೇಕು ಅಂತ ಶಿವಗಂಗಾ ನಾಲ್ಕು ದಿನ ಮನಸ್ಸಿನಲ್ಲೇ ಉರು ಹೊಡೆದಿದ್ದಳು. ಇದನ್ನು ಯಾರಾದರೂ ಕೇಳಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ನೀನೂ ನಡಿ," ಎಂದಳು ಐಶ್ವರ್ಯ. "ಆಟೋದಾಗ ಕುಂದ್ರು. ಅಪ್ಪಗ ನಾ ಹೇಳ್ತೀನಿ. ಚಪ್ಪಲಿನೂ ಬ್ಯಾಡ, ಹಿಂಗ ಬಾ." ಕೈ ಜಗ್ಗಿದಳು. ಕಟ್ಟೆಯಿಂದ ಆಟೋಗೆ ಹತ್ತು ಹೆಜ್ಜೆ. ಶಿವಗಂಗಾ ಒಂದು ಮೆಟ್ಟಿಲು ಇಳಿದಳು.

ಒಳಗಿನಿಂದ ಕಸ್ತೂರೆಮ್ಮನ ದನಿ ಬಂತು. ಗದರಿಕೆಯಿಲ್ಲ, ದಿನವೂ ಕರೆಯುವ ಹಾಗೆಯೇ. "ಶಿವಗಂಗಾ! ನಿಮ್ಮ ಮಾವ ಮಲಗತಾರಂತ, ಹಾಸಿಗಿ ಬಿಚ್ಚು ಬಾ."

"ಬಂದೆನ್ರಿ ಅತ್ತಿ," ಎಂದಳು ಶಿವಗಂಗಾ.

ಅದು ಯೋಚಿಸಿ ಅಂದದ್ದಲ್ಲ. ಅಂದ ಮೇಲೆಯೇ ತಾನು ಅಂದದ್ದು ಅವಳಿಗೆ ಕೇಳಿಸಿತು. ಐಶ್ವರ್ಯಳಿಗೂ ಕೇಳಿಸಿತು. ಅವಳು ಅಕ್ಕನ ಮುಖವನ್ನು ನೋಡಿ, ಹಿಡಿದ ಕೈ ಬಿಟ್ಟಳು.